ಪೆಲೆಟ್ ಸ್ಟೌ ಬಾಗಿಲಿನ ರೋಪ್: 10 ಎಂಎಂ ಸಾಕಾ, 12 ಹಾಕಬೇಕಾ?

ಊಟಿ ಹೋಂಸ್ಟೇ:
ರೂಮ್ ಬಿಸಿಗೆ ಇಟ್ಟಿರುವ ಪೆಲೆಟ್ ಸ್ಟೌ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡು ಉರಿಸುವ ಒಲೆ). ಬೆಳಿಗ್ಗೆ ಒರೆಸಿದ ಗಾಜು ಮಧ್ಯಾಹ್ನಕ್ಕೇ ಕಪ್ಪಾಗುತ್ತೆ. ಉರಿಗೆ ಚುರುಕಿಲ್ಲ, ಕೆಂಪಗೆ ಉದ್ದಕ್ಕೆ ಎದ್ದು ತುದಿಯಲ್ಲಿ ಹೊಗೆಯಾಡುತ್ತೆ. ಉರಿಯುವ ಬಟ್ಟಲು, ಅಂದರೆ ಬರ್ನ್ ಪಾಟ್‌ನಲ್ಲಿ ಅರೆಬೆಂದ ಪೆಲೆಟ್ ಉಳಿಯುತ್ತೆ. ಎರಡು ಸಲ ವ್ಯಾಕ್ಯೂಮ್ ಎರರ್ (ಒಳಗೆ ಗಾಳಿಯ ಎಳೆತ ಸಾಲದು ಅಂತ) ಬಂದು ನಿಂತಿದೆ. ಗಾಳಿ ಸೋರದಂತೆ ಬಾಗಿಲಿನ ಸುತ್ತ ಕೂರಿಸಿರುವ ರೋಪ್ ಚಪ್ಪಟೆಯಾಗಿದೆ, ಚಿಲಕದ ಕಡೆ ಕೆಳಮೂಲೆಯಲ್ಲಿ ಎಳೆ ಬಿಚ್ಚಿದೆ. ರೋಪ್ ಕೂರುವ ಗ್ರೂವ್ ಅಗಲ 10 ಎಂಎಂ. 12ರ ರೋಪ್ ಹಾಕಿದರೆ ಇನ್ನೂ ಬಿಗಿ ಆಗುತ್ತಲ್ವಾ? ಅಂಟು ಯಾವುದು?

ಹೊಸೂರು ಬಾಯ್ಲರ್:
12 ಬೇಡ ಸಾರ್. ದಪ್ಪ ರೋಪ್ ಹಾಕಿ ಚಿಲಕ ಒತ್ತಿದರೆ ಬಾಗಿಲು ಕೀಲಿನ ಕಡೆ ಎತ್ತಿಕೊಳ್ಳುತ್ತೆ, ಚೌಕಟ್ಟು ಬಾಗುತ್ತೆ, ಗಾಜಿನ ಮೇಲೆ ಒತ್ತಡ ಬಿದ್ದು ಸೀಳೋದೂ ಉಂಟು. ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಅಳತೆಯೇ ಹಾಕಿ. ಮ್ಯಾನ್ಯುಯಲ್ ಇಲ್ಲದಿದ್ದರೆ ಗ್ರೂವ್ ಅಗಲದಷ್ಟೇ ದಪ್ಪ. ಕೂರಿಸಿದ ಮೇಲೆ ಗ್ರೂವ್‌ನಿಂದ 3-4 ಎಂಎಂ ಮೇಲಕ್ಕೆ ನಿಂತರೆ ಸರಿ. ಚಪ್ಪಟೆಯಾದ ಹಳೆ ರೋಪ್ ಅಳೆದು ಕೊಳ್ಳಬೇಡಿ.

ಅಂಗಡಿಯಲ್ಲಿ 'ಗ್ಲಾಸ್ ಫೈಬರ್ ರೋಪ್' ಅಂತಲೇ ಕೇಳಿ. ಬಾಯ್ಲರ್ ಸಾಮಾನಿನ ಅಂಗಡಿಗಳಲ್ಲಿ ಆಸ್ಬೆಸ್ಟಾಸ್ ರೋಪೂ ಬಿಳಿ ಬಣ್ಣದಲ್ಲೇ ಸಿಗುತ್ತೆ, ಅದನ್ನು ಮನೆಯೊಳಗೆ ತರಬೇಡಿ. ಗ್ರೂವ್ ಸುತ್ತ ಟ್ವೈನ್ ನೂಲು ಇಟ್ಟು ಅಳೆದು, 5 ಸೆಂ.ಮೀ. ಹೆಚ್ಚಿಗೆ ತಗೊಳ್ಳಿ.

ಕೆಲಸ ಹೀಗೆ. ಸ್ಟೌ ಪೂರ್ತಿ ತಣ್ಣಗಾಗಲಿ, ಪ್ಲಗ್ ಕಿತ್ತಿಡಿ. ಬಾಗಿಲನ್ನು ಕೀಲಿನಿಂದ ಎತ್ತಿ ಚಾಪೆ ಮೇಲೆ ಮಲಗಿಸಿ. ಮೂಗಿಗೆ ಮಾಸ್ಕ್ ಕಟ್ಟಿ, ಹಳೆ ರೋಪ್ ಕಿತ್ತು, ಒಣಗಿದ ಅಂಟನ್ನು ಪಟ್ಟಿ ಬ್ಲೇಡಿನಿಂದ ಕೆರೆದು, ತಂತಿ ಬ್ರಷ್ ಹಾಕಿ ಲೋಹ ಕಾಣುವ ತನಕ ತಿಕ್ಕಿ. ಹೊಸ ಅಂಟು ಕಿತ್ತು ಬರೋದು ಹೆಚ್ಚಾಗಿ ಇಲ್ಲೇ: ಮಸಿ ಮೇಲೆ ಅಂಟಿಸಿರುತ್ತಾರೆ. ಆಮೇಲೆ ಅಂಟಿಲ್ಲದೆ ಒಂದು ಸಲ ರೋಪ್ ಇಟ್ಟು ನೋಡಿ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ಟೇಪಿನ ನಡುವೆ ಕತ್ತರಿಸಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತೆ.

ಗ್ರೂವ್ ತಳಕ್ಕೆ 3 ಎಂಎಂನಷ್ಟು ತೆಳು ಅಂಟಿನ ಗೆರೆ ಸಾಕು. ಜಾಸ್ತಿ ಸುರಿದರೆ ರೋಪ್ ಒಳಗೆ ಹೀರಿ ಕಡ್ಡಿಯಂತೆ ಗಟ್ಟಿಯಾಗುತ್ತೆ, ಮೆತ್ತಗೆ ಒತ್ತಿಕೊಳ್ಳುವ ಗುಣ ಹೋಗುತ್ತೆ. ರೋಪ್ ಎಳೆಯಬೇಡಿ, ಬೆರಳಿನಿಂದ ಒತ್ತುತ್ತಾ ಹೋಗಿ. ಎಳೆದು ಕೂರಿಸಿದ್ದು ಆ ಜಾಗದಲ್ಲಿ ಸಣ್ಣಗಾಗುತ್ತೆ, ಆಮೇಲೆ ಹಿಂದಕ್ಕೆ ಸರಿದು ಜೋಡಣೆ ಹತ್ತಿರ ಸಂದು ಬಿಡುತ್ತೆ. ಜೋಡಣೆ ಮೂಲೆಯಲ್ಲಿ ಬರಬಾರದು, ಕೀಲಿನ ಕಡೆ ನಡುಮಧ್ಯೆ ಬರಲಿ. ಎರಡು ತುದಿ ಮುಖಾಮುಖಿ ತಾಗಬೇಕು, ಒಂದರ ಮೇಲೊಂದು ಹತ್ತಬಾರದು.

ತಾಳವಾಡಿ ಫಿಟ್ಟರ್:
ಅಂಟಿನ ಬಗ್ಗೆ ಒಂದು ಮಾತು. ಬಾತ್‌ರೂಮ್ ಸಿಲಿಕಾನ್ ಈ ಶಾಖ ತಡೆಯಲ್ಲ. ಟ್ಯೂಬ್ ಮೇಲೆ 300 ಡಿಗ್ರಿ ಅಂತ ಬರೆದಿರುವ ಹೈ ಟೆಂಪರೇಚರ್ ಸಿಲಿಕಾನ್ ಬೇಕು, ಇಲ್ಲವೇ ಸ್ಟೌ ರೋಪ್‌ಗೆಂದೇ ಬರುವ ಸೋಡಿಯಂ ಸಿಲಿಕೇಟ್ ಸಿಮೆಂಟ್. ಸಿಮೆಂಟ್ ಹೆಚ್ಚು ಶಾಖ ತಡೆಯುತ್ತೆ, ಆದರೆ ಮುಂದಿನ ಸಲ ಉಳಿ ಹಿಡಿದು ಕೆರೆಯಬೇಕು. ಬಾಗಿಲಿಗೆ ನಾನು ಸಿಲಿಕಾನ್ ಅಂತಲೇ ಹೇಳೋದು. ಅಂಟಿಸಿದ ಮೇಲೆ ಚೌಕಟ್ಟಿಗೆ ಮೆತ್ತದಂತೆ ಬೆಣ್ಣೆ ಕಾಗದ ಇಟ್ಟು, ಬಾಗಿಲು ಮುಚ್ಚಿ 24 ಗಂಟೆ ಬಿಡಿ. ಕಾಗದ ತೆಗೆದೇ ಉರಿ ಹಾಕಬೇಕು ಅಂತ ಹೇಳಬೇಕಾಗಿಲ್ಲ. ಮೊದಲ ಉರಿ ಸಣ್ಣದಿರಲಿ, ಕಿಟಕಿ ತೆಗೆದಿಡಿ, ಸ್ವಲ್ಪ ಹೊತ್ತು ವಾಸನೆ ಬರುತ್ತೆ.

ಪರೀಕ್ಷೆ ಎರಡು. ತಣ್ಣಗಿರುವಾಗ ಹಳೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಹತ್ತು ಕಡೆ, ನಾಲ್ಕು ಮೂಲೆ ಬಿಡದೆ. ನೋಟು ಹರಿಯುವಷ್ಟು ಹಿಡಿದುಕೊಂಡರೆ ಸರಿ, ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತೆ. ಚಿಲಕದ ಕಡೆ ಪೂರ್ತಿ ಸಡಿಲ ಇದ್ದರೆ ತಪ್ಪು ರೋಪಿನದಲ್ಲ, ಚಿಲಕದ ಕೊಂಡಿ ಒಂದು ಸುತ್ತು ಬಿಗಿ ಮಾಡಿ. ಎರಡನೆಯದು, ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಬಾಗಿಲು ಮುಚ್ಚಿ ತೆರೆಯಿರಿ. ಕಪ್ಪು ರೋಪ್ ಆದರೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಾಗಿಲು ಕೂರುತ್ತಿಲ್ಲ.

ಊಟಿ ಹೋಂಸ್ಟೇ:
ಕೀಲಿನ ಕಡೆ ಬಿಗಿ, ಚಿಲಕದ ಕೆಳಮೂಲೆಯಲ್ಲಿ ಮಾತ್ರ ನೋಟು ಸಲೀಸಾಗಿ ಬರುತ್ತೆ. ಇಷ್ಟು ಸಣ್ಣ ಸಂದಿಗೆ ಇಷ್ಟೆಲ್ಲಾ ತೊಂದರೆಯಾ?

ಹೊಸೂರು ಬಾಯ್ಲರ್:
ಆಗುತ್ತೆ. ಸ್ಟೌ ಒಳಗೆ ಎಕ್ಸಾಸ್ಟ್ ಫ್ಯಾನ್ ಹೊರಕ್ಕೆ ಎಳೀತಿರುತ್ತೆ, ಆದ್ದರಿಂದ ಗಾಳಿ ಬರ್ನ್ ಪಾಟ್‌ನ ತೂತುಗಳಿಂದ ಬರಬೇಕು. ಬಾಗಿಲಲ್ಲಿ ಸುಲಭದ ದಾರಿ ಸಿಕ್ಕರೆ ಅದೇ ಹಾದಿ ಹಿಡಿಯುತ್ತೆ, ಪೆಲೆಟ್‌ಗೆ ಗಾಳಿ ಕಮ್ಮಿ. ಊಟಿ 2,240 ಮೀಟರ್ ಎತ್ತರ, ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು. ಅದರಲ್ಲಿ ಸೋರಿಕೆ ಬೇರೆ. ನಿಮ್ಮ ಮಾದರಿಯಲ್ಲಿ ಎತ್ತರದ ಸೆಟ್ಟಿಂಗ್ ಇದ್ದರೆ ಅದನ್ನೂ ನೋಡಿ, ಆದರೆ ರೋಪ್ ಸರಿಮಾಡಿದ ಮೇಲೆ.

ತಾಳವಾಡಿ ಫಿಟ್ಟರ್:
ಗಾಜಿನ ಸುತ್ತಲಿನ ಚಪ್ಪಟೆ ಗ್ಯಾಸ್ಕೆಟ್, ಬೂದಿ ಟ್ರೇ ಬಾಗಿಲು, ಪೆಲೆಟ್ ತುಂಬುವ ಹಾಪರ್ ಮುಚ್ಚಳದ ಸೀಲ್ ಇವನ್ನೂ ಅದೇ ದಿನ ನೋಡಿ. ಹಾಪರ್ ಮುಚ್ಚಳ ಸೋರಿದರೆ ಉರಿ ಪೆಲೆಟ್ ದಾರಿಯಲ್ಲೇ ಹಿಂದಕ್ಕೆ ಹತ್ತಬಹುದು. ಎಳೆತ ಸಾಲದಿದ್ದರೆ ಸ್ಟೌ ನಿಲ್ಲಿಸುವ ವ್ಯಾಕ್ಯೂಮ್ ಸ್ವಿಚ್‌ಗೆ ಹೋಗುವ ರಬ್ಬರ್ ಪೈಪ್ ಬೂದಿ ಕಟ್ಟಿದ್ದರೂ ಅದೇ ಎರರ್ ಬರುತ್ತೆ, ಕಿತ್ತು ಊದಿ. ಸ್ವಿಚ್‌ಗೆ ತಂತಿ ಜೋಡಿಸಿ ಬೈಪಾಸ್ ಮಾಡೋಕೆ ಮಾತ್ರ ಹೋಗಬೇಡಿ. ಅತಿಥಿಗಳು ಮಲಗುವ ರೂಮ್, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲೇಬೇಕು.