ಮಾಕ್ ಎಪಿಐ: ಪ್ರತಿ ಸಲ ಬದಲಾಗುವ ಡೇಟಾ ಇಟ್ಟುಕೊಂಡು ಟೆಸ್ಟ್ ಬರೆಯುವುದು ಹೇಗೆ?

ಪ್ರಶ್ನೆ (ಬಸವನಗುಡಿ_ಫ್ರಂಟ್‌ಎಂಡ್)
ನಮಸ್ಕಾರ. ಬೆಂಗಳೂರಿನ ಮನೆಗಳಿಗೆ ನೀರಿನ ಟ್ಯಾಂಕರ್ ಬುಕ್ ಮಾಡುವ ಆ್ಯಪ್ ಒಂದರ ಫ್ರಂಟ್‌ಎಂಡ್ ಬರೆಯುತ್ತಿದ್ದೇನೆ. ಬ್ಯಾಕ್‌ಎಂಡ್ ಇನ್ನೂ ಸಿದ್ಧವಾಗಿಲ್ಲವಾದ್ದರಿಂದ ಮಾಕೂನ್ ಎಂಬ ಸಾಧನದಲ್ಲಿ ಮಾಕ್ ಸರ್ವರ್ (ನಿಜವಾದ ಸರ್ವರಿನ ಬದಲು ಉತ್ತರ ಕೊಡುವ ಅಣಕು ಸರ್ವರ್) ಇಟ್ಟುಕೊಂಡು, ಹ್ಯಾಂಡಲ್‌ಬಾರ್ಸ್ ಟೆಂಪ್ಲೇಟಿನಲ್ಲಿ (ಖಾಲಿ ಜಾಗಗಳಿಗೆ ಮಾಹಿತಿ ತುಂಬುವ ಮಾದರಿ) ಫೇಕರ್ ಎಂಬ, ಕಾಲ್ಪನಿಕ ಡೇಟಾ ಹುಟ್ಟಿಸುವ ಲೈಬ್ರರಿ ಬಳಸಿ ಹೆಸರು, ವಿಳಾಸ, ಮೊತ್ತಗಳನ್ನು ತುಂಬಿಸುತ್ತಿದ್ದೇನೆ. ಆದರೆ ಪಟ್ಟಿಯಲ್ಲಿ ಕಂಡ ಬುಕಿಂಗನ್ನು ತೆರೆದರೆ ವಿವರದ ಪುಟದಲ್ಲಿ ಬೇರೆಯೇ ಹೆಸರು ಬರುತ್ತದೆ. ಬೆಳಿಗ್ಗೆ ಪಾಸಾದ ಟೆಸ್ಟ್, ಕೋಡನ್ನು ಮುಟ್ಟದಿದ್ದರೂ ಸಂಜೆ ಫೇಲಾಗುತ್ತದೆ. ಟೆಂಪ್ಲೇಟ್ ಬಿಟ್ಟು, ಕೈಯಲ್ಲಿ ಬರೆದ ಜೇಸನ್ (ಡೇಟಾ ಬರೆದಿಡುವ ಪಠ್ಯ ರೂಪ) ಫೈಲುಗಳಿಗೇ ಮರಳಬೇಕೇ?

ಉತ್ತರ 1 (ವಿಜಯನಗರ_ಎಪಿಐ)
ಮರಳುವ ಅಗತ್ಯವಿಲ್ಲ. ಪ್ರತಿ ಕೋರಿಕೆಗೂ ಟೆಂಪ್ಲೇಟ್ ಹೊಸದಾಗಿ ಓಡುವುದರಿಂದ ಪಟ್ಟಿಗೂ ವಿವರಕ್ಕೂ ಸಂಬಂಧವೇ ಉಳಿಯುತ್ತಿಲ್ಲ. ಬುಕಿಂಗುಗಳನ್ನು ಮಾಕೂನ್‌ನ ಡೇಟಾ ಬಕೆಟ್ಟಿನಲ್ಲಿ (ರೂಟ್‌ಗಳು ಹಂಚಿಕೊಳ್ಳುವ ಡೇಟಾ ಸಂಗ್ರಹ) ಒಮ್ಮೆ ಹುಟ್ಟಿಸಿ, ಪಟ್ಟಿ ಮತ್ತು ವಿವರದ ಎರಡೂ ರೂಟ್‌ಗಳು (ಕೋರಿಕೆ ಹೋಗುವ ವಿಳಾಸಗಳು) ಅಲ್ಲಿಂದಲೇ ಓದುವಂತೆ ಮಾಡಿ. ಅನಂತರ ಫೇಕರ್‌ಗೆ ಒಂದು ಸೀಡ್ ಸಂಖ್ಯೆ (ಯಾದೃಚ್ಛಿಕ ಆಯ್ಕೆಗಳು ಶುರುವಾಗುವ ಬಿಂದು) ಕೊಟ್ಟರೆ ಸರ್ವರ್ ಮರುಚಾಲನೆಯಾದಾಗಲೂ ಅದೇ ಡೇಟಾ ಬರುತ್ತದೆ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ‘ಕಳೆದ ವಾರದ ಒಂದು ದಿನ’ ಎಂಬಂಥ ದಿನಾಂಕಗಳನ್ನು ಫೇಕರ್ ಇಂದಿನ ಸಮಯದಿಂದ ಲೆಕ್ಕ ಹಾಕುವುದರಿಂದ, ಆಧಾರ ದಿನಾಂಕವನ್ನೂ ನಿಗದಿ ಮಾಡದಿದ್ದರೆ ಸೀಡ್ ಇದ್ದೂ ಅವು ಬದಲಾಗುತ್ತವೆ. ಫೇಕರ್‌ನ ಆವೃತ್ತಿ ಬದಲಾದರೆ ಅದೇ ಸೀಡ್ ಬೇರೆ ಹೆಸರು ಕೊಡಬಹುದಾದ್ದರಿಂದ ಆವೃತ್ತಿಯನ್ನೂ ಕಟ್ಟಿಹಾಕಿ. 2022ರ ಜನವರಿಯಲ್ಲಿ ಮೂಲ ಫೇಕರ್‌ನ ಲೇಖಕರೇ ಕೋಡನ್ನು ತೆಗೆದುಹಾಕಿದ್ದರಿಂದ ಅನೇಕರ ಕೆಲಸ ಕೆಟ್ಟಿತು. ಈಗ ಅದನ್ನು ಸಮುದಾಯವೇ ಬೇರೆ ಪ್ಯಾಕೇಜಾಗಿ ನೋಡಿಕೊಳ್ಳುತ್ತಿದೆ.

ಉತ್ತರ 2 (ಟೆಸ್ಟರ್_ಮಲ್ಲೇಶ್ವರ)
ಸೀಡಿನ ಮಾತು ಸರಿ. ಆದರೆ ಡೇಟಾ ನಮ್ಮ ಊರಿನವರಂತೆ ಇದೆಯೇ ಎಂಬುದು ನನಗೆ ಅದಕ್ಕಿಂತ ಮುಖ್ಯ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ತುಂಡು ಕೊಡುವ ಟೆಂಪ್ಲೇಟಿನಲ್ಲಿ, ಬರೀ ‘ಸಾವಿತ್ರಮ್ಮ’ ಎಂದಷ್ಟೇ ಇರುವವರೂ ಇನಿಷಿಯಲ್ ಮಾತ್ರ ಇರುವವರೂ ಬರುವುದೇ ಇಲ್ಲ. ‘2ನೇ ಹಂತ, 7ನೇ ಮುಖ್ಯರಸ್ತೆ, 3ನೇ ಅಡ್ಡರಸ್ತೆ, ಗಣಪತಿ ದೇವಸ್ಥಾನದ ಎದುರು’ ಎಂಬ ವಿಳಾಸ ನಿಮ್ಮ ಪರದೆಯಲ್ಲಿ ಎರಡು ಸಾಲು ದಾಟುತ್ತದೆಯೇ ಎಂದು ನೋಡಿದ್ದೀರಾ?

ಕನ್ನಡ ಲಿಪಿಯ ಹೆಸರುಗಳನ್ನು ಖಂಡಿತ ಸೇರಿಸಿ. ‘ಶ್ರೀ’ ಕಣ್ಣಿಗೆ ಒಂದೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಅದು 4 ಸಂಕೇತಗಳು, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 12 ಬೈಟುಗಳು. ಉದ್ದ ನೋಡಿ ಹೆಸರನ್ನು ಕತ್ತರಿಸುವ ಕೋಡ್ ಅದನ್ನು ನಡುವೆಯೇ ತುಂಡರಿಸಿ ಬರೀ ‘ಶ್’ ಉಳಿಸಬಹುದು. ಇಂಗ್ಲಿಷ್ ಹೆಸರುಗಳಷ್ಟೇ ಇರುವ ಮಾಕ್‌ನಲ್ಲಿ ಈ ದೋಷ ಎಂದಿಗೂ ಕಾಣುವುದಿಲ್ಲ.

ಇಮೇಲ್‌ಗಳಿಗೆ ಎಕ್ಸಾಂಪಲ್ ಡಾಟ್ ಕಾಮ್ ಬಳಸಿ. ಅದು ಇಂಥ ಕೆಲಸಕ್ಕೆಂದೇ ಮೀಸಲಾದ ಡೊಮೇನ್. ಯಾದೃಚ್ಛಿಕವಾಗಿ ಹುಟ್ಟಿದ 10 ಅಂಕಿಗಳ ಮೊಬೈಲ್ ಸಂಖ್ಯೆ ಯಾರದ್ದಾದರೂ ಆಗಿರಬಹುದಾದ್ದರಿಂದ, ಟೆಸ್ಟ್ ಪರಿಸರದಿಂದ ನಿಜವಾದ ಎಸ್‌ಎಂಎಸ್ ಹೊರಡದಂತೆ ನೋಡಿಕೊಳ್ಳಿ.

ಬಸವನಗುಡಿ_ಫ್ರಂಟ್‌ಎಂಡ್
ಇಬ್ಬರಿಗೂ ಧನ್ಯವಾದಗಳು. ಡೇಟಾ ಬಕೆಟ್ಟಿನಿಂದ ಪಟ್ಟಿ ಮತ್ತು ವಿವರ ಈಗ ಹೊಂದುತ್ತಿವೆ. ಬ್ಯಾಕ್‌ಎಂಡ್ ತಂಡ ನಾಳೆ ಒಂದು ಫೀಲ್ಡಿನ ಹೆಸರು ಬದಲಿಸಿದರೆ ನನ್ನ ಮಾಕ್‌ಗೆ ತಿಳಿಯುವುದು ಹೇಗೆ?

ಉತ್ತರ 3 (ವಿಜಯನಗರ_ಎಪಿಐ)
ತಾನಾಗಿ ತಿಳಿಯುವುದಿಲ್ಲ. ಎರಡೂ ತಂಡಗಳು ಒಪ್ಪಿದ ಓಪನ್‌ಎಪಿಐ ಕಡತವೊಂದನ್ನು (ಎಪಿಐನ ಕೋರಿಕೆ, ಉತ್ತರಗಳ ರೂಪ ವಿವರಿಸುವ ಕಡತ) ಗಿಟ್‌ನಲ್ಲಿಟ್ಟು, ಮಾಕ್‌ನ ಉತ್ತರಗಳನ್ನೂ ನಿಜವಾದ ಸರ್ವರಿನ ಉತ್ತರಗಳನ್ನೂ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ನಡೆಯುವ ಪರೀಕ್ಷೆ) ಆ ಕಡತದ ಸ್ಕೀಮಾಕ್ಕೆ, ಅಂದರೆ ಡೇಟಾದ ರೂಪದ ವಿವರಣೆಗೆ, ಹೋಲಿಸಿ ನೋಡಿ. ಯಾರು ತಪ್ಪಿದರೂ ಅವರ ಬಿಲ್ಡ್ ನಿಲ್ಲಬೇಕು. ಹಾಗೆಯೇ 429 (ಕೋರಿಕೆಗಳು ಅತಿಯಾದವು), 503 (ಸೇವೆ ಸದ್ಯ ಲಭ್ಯವಿಲ್ಲ) ಉತ್ತರಗಳಿಗೂ ಐದಾರು ಸೆಕೆಂಡು ತಡವಾಗಿ ಬರುವ ಉತ್ತರಕ್ಕೂ ಒಂದೊಂದು ರೂಟ್ ಇಡಿ, ಏಕೆಂದರೆ ನಿಜವಾದ ಸರ್ವರಿನಿಂದ ಇವನ್ನು ಬೇಕೆಂದಾಗ ಬರಿಸುವುದು ಕಷ್ಟ.