ಪ್ಲೇಟಿಂಗ್ ಶಾಪಿನ ನೀರು: ಆರ್‌ಓ ಹಾಕೋಕೆ ಮುಂಚೆ ರಿನ್ಸ್ ಟ್ಯಾಂಕ್ ನೋಡಿ

ಮಂಜು, ಹೊಸೂರು: ನಮ್ಮಣ್ಣಂದು ಸಣ್ಣ ಪ್ಲೇಟಿಂಗ್ ಶಾಪ್, ಲೋಹದ ಸಾಮಾನಿಗೆ ನಿಕಲ್, ಅದರ ಮೇಲೆ ಕ್ರೋಮ್ ಲೇಪ ಕೊಡೋದು. ದಿನಾ ಟ್ಯಾಂಕರ್ ನೀರು ತರಿಸ್ತಾರೆ. ಹನಿ ನೀರೂ ಹೊರಗೆ ಹೋಗಬಾರದು, ಆರ್‌ಓ, ನೀರು ಕುದಿಸಿ ಆರಿಸೋ ಎವಾಪರೇಟರ್ ಹಾಕಿ ಅಂದಿದ್ದಾರೆ ಕನ್ಸಲ್ಟೆಂಟ್. ಶಾಪಿಗಿಂತ ಮಿಷಿನ್ ರೇಟೇ ಜಾಸ್ತಿ. ಏನ್ ಮಾಡೋದು?

ರಘು: ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಬಂದು ಕೆಲವರಪಳ್ಳಿ ಡ್ಯಾಮಲ್ಲಿ ನೊರೆ ಗುಡ್ಡೆ ಬೀಳುತ್ತೆ. ಅದನ್ನ ಕೇಳೋರಿಲ್ಲ, ಆರು ಜನ ದುಡಿಯೋ ಶಾಪಿನ ಮೇಲೆ ಬರ್ತಾರೆ.

ಭಾಗ್ಯ, ಬಾಗಲೂರು: ರಘು ಅವರೇ, ನೊರೆ ಕಣ್ಣಿಗೆ ಕಾಣುತ್ತೆ. ಬೋರ್‌ವೆಲ್ಲಿಗೆ ಸ್ವಲ್ಪ ಸ್ವಲ್ಪ ಇಳಿಯೋ ಕ್ರೋಮಿಯಂ ಕಾಣಲ್ಲ. ಹೊಳೆ ಪಕ್ಕ ಎಲೆಕೋಸು ಬೆಳೆಯೋರು ನಾವು. ಎರಡನ್ನೂ ಕೇಳಲೇಬೇಕು.

ಸುರೇಶ್ (ಪ್ಲೇಟಿಂಗ್ ಲೈನಲ್ಲಿ 19 ವರ್ಷ): ಮಂಜು, ಮಿಷಿನ್ ಮಾತು ಆಮೇಲೆ. ಮೊದಲು ಜಿಗ್ (ಪೀಸ್ ನೇತುಹಾಕೋ ಚೌಕಟ್ಟು) ಎತ್ತೋ ಹುಡುಗನ ಕೈ ನೋಡು. ಕ್ರೋಮ್ ಟ್ಯಾಂಕಿಂದ ಎತ್ತಿದವನೇ ರಿನ್ಸಿಗೆ, ಅಂದ್ರೆ ತೊಳೆಯೋ ನೀರಿಗೆ, ಅದ್ದಿದರೆ ದಾರಿಯುದ್ದಕ್ಕೂ ಹಳದಿ ಹನಿ ಬಿದ್ದಿರುತ್ತೆ. ಟ್ಯಾಂಕ್ ಮೇಲೇ ಹತ್ತು ಎಣಿಸೋವರೆಗೆ ಹಿಡಿದರೆ ಆ ಕ್ರೋಮ್ ವಾಪಸ್ ಟ್ಯಾಂಕಿಗೇ ಬೀಳುತ್ತೆ. ನಿಕಲ್ ಆದಮೇಲೆ ಮಾತ್ರ ಅಷ್ಟು ಹೊತ್ತು ಬೇಡ, ಒಣಗಿದರೆ ಮೇಲೆ ಕ್ರೋಮ್ ಸರಿಯಾಗಿ ಕೂರಲ್ಲ.

ಆಮೇಲೆ ರಿನ್ಸ್. ಜಿಗ್ಗಿಗೆ ಅಂಟಿ ಬಂದ 1 ಲೀಟರ್ ದ್ರಾವಣದ ಗಾಢತೆಯನ್ನ ಸಾವಿರದಲ್ಲೊಂದು ಪಾಲಿಗೆ ಇಳಿಸೋಕೆ ಒಂದೇ ಟ್ಯಾಂಕಾದರೆ ಸುಮಾರು 1000 ಲೀಟರ್ ಹರಿಸಬೇಕು. ಎರಡು ಟ್ಯಾಂಕ್ ಇಟ್ಟು, ಹೊಸ ನೀರು ಕೊನೆಯದಕ್ಕೆ ಬಿಟ್ಟು ಹಿಂದಿನದಕ್ಕೆ ಹರಿಸು: 32 ಲೀಟರ್. ಮೂರಾದರೆ ಸುಮಾರು 10. ನೀರು ಚೆನ್ನಾಗಿ ಕದಡ್ತಿರಬೇಕು, ಅಷ್ಟೇ. ನಿಕಲ್ ಟ್ಯಾಂಕ್ ಬಿಸಿ ಇರೋದ್ರಿಂದ ದಿನಾ ನೀರು ಆರುತ್ತೆ, ಅದರ ಮೊದಲ ರಿನ್ಸ್ ನೀರನ್ನ ಅಲ್ಲಿಗೇ ತುಂಬಬಹುದು.

ರಘು: ನೀರು ಕಮ್ಮಿ ಮಾಡಿದರೆ ಉಳಿದದ್ದು ಗಟ್ಟಿಯಾಗುತ್ತಲ್ಲ? ಲೆಕ್ಕ ಹಾಕೋದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಟೆಸ್ಟಲ್ಲಿ ಫೇಲ್ ಆಗಲ್ವಾ?

ಸುರೇಶ್: ನೀರು ಬೆರೆಸಿ ಪಾಸಾದರೂ ಹೊಳೆಗೆ ಹೋಗೋ ಕ್ರೋಮಿಯಂ ಅಷ್ಟೇ ಇರುತ್ತೆ ರಘು. ಗಟ್ಟಿಯಿದ್ದರೇ ಒಳ್ಳೇದು, ಸಣ್ಣ ಡ್ರಮ್ಮಲ್ಲಿ ಟ್ರೀಟ್ ಮಾಡಬಹುದು. ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ಹೋಗಿ ಹಸಿರು ಬರುತ್ತೆ. ಸುಣ್ಣದಿಂದ 8.5ರ ಹತ್ರ ತಂದರೆ ಕೆಸರಾಗಿ ಕೂರುತ್ತೆ.

ನಾಗ, ತಾಳವಾಡಿ: ತಿರುಪ್ಪೂರಲ್ಲಿ ಡೈಯಿಂಗ್ ಕೆಲಸಕ್ಕಿದ್ದೆ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಯೂನಿಟ್‌ಗಳನ್ನ ಮುಚ್ಚಿಸಿದಾಗ ಊರಿಗೆ ಬಂದವರಲ್ಲಿ ನಾನೂ ಒಬ್ಬ. ಆದರೂ ಕೋರ್ಟಿನ ಮೇಲೆ ನನಗೆ ಸಿಟ್ಟಿಲ್ಲ. ನೊಯ್ಯಲ್ ಹೊಳೆಯ ಒರತ್ತುಪಾಳಯಂ ಡ್ಯಾಮಲ್ಲಿ ಡೈಯಿಂಗ್ ನೀರು ನಿಂತು ರೈತರ ಹೊಲ ಹಾಳಾಗಿತ್ತು. ಆಮೇಲೆ ಆರ್‌ಓ, ಎವಾಪರೇಟರ್ ಬಂತು. ನೀರು ವಾಪಸ್ ಸಿಗುತ್ತೆ, ಉಪ್ಪಿನ ಚೀಲ ಮಾತ್ರ ಉಳಿಯುತ್ತೆ. ಕುದಿಸೋಕೆ ಉರಿ ಬೇಕು. ಕುದಿಸೋ ನೀರು ಮೊದಲೇ ಕಮ್ಮಿಯಾದರೆ ಮಿಷಿನ್ನೂ ಚಿಕ್ಕದು ಸಾಕು. ಸುರೇಶಣ್ಣ ಹೇಳೋ ಕ್ರಮವೇ ಸರಿ.

ಮಂಜು: ಇವತ್ತು ಶಾಪಿಗೆ ಹೋಗಿ ನಿಂತು ನೋಡಿದೆ. ಹುಡುಗ ಮೂರು ಎಣಿಸೋಷ್ಟರಲ್ಲಿ ಅದ್ದಿಬಿಡ್ತಾನೆ. ಪೀಸ್ ಲೆಕ್ಕದ ಕೂಲಿ, ನಿಲ್ಲೋಕೆ ಅವನಿಗೆ ಪುರುಸೊತ್ತಿಲ್ಲ. ಟ್ಯಾಂಕ್ ಮೇಲೆ ಜಿಗ್ ನೇತುಹಾಕೋಕೆ ಒಂದು ಕಂಬಿ ಹಾಕಿಸ್ತೀನಿ. ಹಿತ್ತಲಲ್ಲಿ ಎರಡು ಹಳೇ ಟ್ಯಾಂಕೂ ಇವೆ.

ಭಾಗ್ಯ, ಬಾಗಲೂರು: ಮಂಜಣ್ಣ, ಆ ಕೆಸರು ಈಗ ಎಲ್ಲಿಗೆ ಹೋಗ್ತಿದೆ? ಅದನ್ನೂ ಕೇಳಿ ಬನ್ನಿ.