ಮನಿ ಹತ್ರನ ಪ್ರಾಣಿ-ಪಕ್ಷಿ ನೋಡೂದು ಹೆಂಗ? ಅನುಭವ ಇದ್ದವರು ಹೇಳ್ರಿ

ಧಾರವಾಡಕ್ಕ ಬಂದು ಒಂದ್ ವರ್ಷ ಆತ್ರಿ. ಮಗಳು ಆರನೇ ಇಯತ್ತೆ, ಪ್ರಾಣಿ-ಪಕ್ಷಿ ಅಂದ್ರ ಹುಚ್ಚು. ವಾರಾ ವಾರಾ ದಾಂಡೇಲಿಗೆ ಹೋಗಾಕ ಆಗೂದಿಲ್ಲ. ಇಲ್ಲೇ ಸುತ್ತಮುತ್ತ ವರ್ಷಪೂರ್ತಿ ಏನೇನು ನೋಡಬಹುದು?

ಮಾಳಮಡ್ಡಿಯಿಂದ:
ಅಕ್ಕಾರ, ಮೊದಲ ಕಿವಿ ಕೊಟ್ಟು ಕೇಳೂದು ಕಲಿಸ್ರಿ. ನಮ್ಮ ಹಿತ್ತಲದಾಗ ಏಳೆಂಟು ಹರಟೆಮಲ್ಲ ಹಕ್ಕಿ ಅದಾವ, ದಿನಾ ಒಣಗಿದ ಎಲಿ ಕೆದರತಾವ. ಅವು ಒಮ್ಮೆಲೇ ಗಂಟಲ ಹರಕೊಂಡು ಒದರಾಕ ಹತ್ತಿದ್ವು ಅಂದ್ರ ಕೆಳಗ ಏನೋ ಐತಿ. ಹೆಚ್ಚಾಗಿ ಬೆಕ್ಕು. ಒಂದಿನ ಹೋಗಿ ನೋಡಿದ್ರ ಅರಿವಿ ಒಗಿಯು ಕಲ್ಲಿನ ಸಂದ್ಯಾಗ ಮುಂಗುಸಿ! ಹಿಂಗಾಲ ಮ್ಯಾಲ ಎದ್ದು ನಿಂತು ನನ್ನ ನೋಡ್ತು, ಮೂಗಷ್ಟ ಅಳ್ಳಾಡ್ತಿತ್ತು. ನಾ ಮಿಸುಕಾಡಲಿಲ್ಲ. ಆಮ್ಯಾಲ ಬಾಲ ಎಳಕೊಂತ ಗಟಾರದಾಗ ಹೊಕ್ತು. ಈಗ ಅದರ ಹೊತ್ತು ಗೊತ್ತಾಗೇತಿ, ನಮ್ಮ ಎರಡನೇ ಚಾದ ಹೊತ್ತು.

ಬ್ಯಾಸಗ್ಯಾಗ ಅಗಲ ಮಣ್ಣಿನ ಪಾತ್ರೆಯೊಳಗ ನೀರಿಡ್ರಿ, ದಿನಾ ತಿಕ್ಕಿ ತೊಳಿರಿ. ತಿನ್ನಾಕ ಮಾತ್ರ ಹಾಕಬ್ಯಾಡ್ರಿ. ನಾವು ಮಂಗ್ಯಾಗೊಳಿಗೆ ಬಾಳೆಹಣ್ಣು ಕೊಟ್ಟು, ಆಮ್ಯಾಲ ಅಡಿಗಿಮನಿಯ ರೊಟ್ಟಿ ಬುಟ್ಟಿನ ಕಳಕೊಂಡೇವಿ.

ಕೃಷಿ ವಿಶ್ವವಿದ್ಯಾಲಯದ ಹತ್ರದಿಂದ:
ಮುಂಜಾನೆ ಈ ಕಡೆ ಅಡ್ಡಾಡಾಕ ಬರ್ರಿ, ನವಿಲು ಸಿಗತಾವ. ಮಿರಗದ ಮಳಿ ಹಿಡಿದ್ರ ಕುಣಿತ. ಗಣಪತಿ ಹಬ್ಬ ದಾಟಿದ ಮ್ಯಾಲ ಗಂಡಿನ ಗರಿ ಉದುರಿ ಬೋಳು ಬೋಳು. ನಮ್ಮ ಹುಡುಗ ಅವು ಹೆಣ್ಣಂತನ ವಾದಾ ಮಾಡ್ತಿದ್ದ.

ಲಕ್ಷ್ಮೇಶ್ವರದಿಂದ:
ನವೆಂಬರಿನಿಂದ ಫೆಬ್ರುವರಿವರೆಗೆ ಒಮ್ಮೆ ನಮ್ಮ ಕಡೆ ಬನ್ನಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಗುರುತು ತಪ್ಪುವುದಿಲ್ಲ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಮಧ್ಯಾಹ್ನ ಬಂದರೆ ತೂಕಡಿಸುವ ಹಕ್ಕಿಗಳನ್ನಷ್ಟೇ ನೋಡುತ್ತೀರಿ. ಸಂಜೆ ಹೊಲಗಳಿಗೆ ಮೇಯಲು ಏಳುವ ಹೊತ್ತಿಗೆ ಏರಿಯ ಮೇಲೆ ಸುಮ್ಮನೆ ಕೂತಿರಿ. ಒಂದು ಕೂಗಿದ್ದೇ ತಡ, ಗುಂಪಿಗೆ ಗುಂಪೇ ಏಳುತ್ತದೆ.

ರಾಣೆಬೆನ್ನೂರಿನಿಂದ:
ಹುಬ್ಬಳ್ಳಿ-ಧಾರವಾಡದಾಗ ಚಿಗರಿ ಅಂದ್ರ ಆ ಹೆಸರಿನ ಬಸ್ಸು. ಖರೇ ಚಿಗರಿ, ಅಂದ್ರ ಕೃಷ್ಣಮೃಗ, ನೋಡಬೇಕಂದ್ರ ನಮ್ಮೂರಿಗೆ ಬರ್ರಿ, 1974ರಿಂದ ಅವಕ್ಕಂತನ ಅಭಯಾರಣ್ಯ ಐತಿ, 119 ಚದರ ಕಿಲೋಮೀಟರ್. ಗಾಡಿ ಮ್ಯಾಲ ಕುಂತಿದ್ರ ನಿಮ್ಮನ್ನ ನೋಡಕೊಂತ ನಿಲ್ಲತಾವ, ಕಾಲು ಕೆಳಗಿಟ್ರ ಓಟ. ಕರೇ ಮೈಯಾಂವ ಗಂಡು. ನೋಡಾಕ ಚಂದ ಖರೇ, ಆದ್ರ ನಮ್ಮ ಗೋವಿನಜೋಳಕ್ಕ ಬಾಯಿ ಹಾಕಿದಾಗ ಚಂದ ಕಾಣೂದಿಲ್ಲ. ಬಂದವರು ಬೆಳಿಯೊಳಗ ಕಾಲಿಡಬ್ಯಾಡ್ರಿ, ಬದುವಿನ ಮ್ಯಾಲ ನಿಲ್ರಿ.

ಹುಬ್ಬಳ್ಳಿಯಿಂದ:
ಹತ್ರದ್ದು ಅಂತ ಕತ್ತಲಾಗ ಗುಡ್ಡ ಹತ್ತಬ್ಯಾಡ್ರಿ. 2021ರಾಗ ನೃಪತುಂಗ ಬೆಟ್ಟದ ಕಡೆ ಚಿರತಿ ಕಂಡು ವಾಕಿಂಗ್ ಹೋಗವ್ರೆಲ್ಲಾ ಮನ್ಯಾಗ ಕುಂತಿದ್ದು ನೆನಪೈತಿ. ಹಾವು ಕಂಡ್ರ ದೂರ ನಿಂತು ನೋಡ್ರಿ, ಕೇರಿಹಾವು ಅಂತ ಮುಟ್ಟಾಕ ಹೋಗಬ್ಯಾಡ್ರಿ.

ಕೇಳಿದವರಿಂದ, ಮೂರು ದಿನದ ಮ್ಯಾಲ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ಮಾಗಡಿಗೆ ಡಿಸೆಂಬರಿನಾಗ ಹೋಗೂದಂತ ಠರಾಯಿಸೇವಿ. ಇವತ್ತ ಮುಂಜಾನೆ ಹರಟೆಮಲ್ಲ ಒದರಿದ್ವು, ಮಗಳು ಬಾಯಾಗಿನ ಬ್ರಷ್ ಹಂಗ ಇಟ್ಕೊಂಡು ಓಡಿದ್ಲು. ಬೆಕ್ಕು. ಆದ್ರೂ ವಹಿಯೊಳಗ ತಾರೀಖು ಹಾಕಿ ಬರ್ಕೊಂಡಾಳ.